ಐದು ಕ್ವಿಲ್ಟ್, ಆರು ಜನ ಹೊಸಬರು: ಎಲ್ಲವನ್ನೂ ಹೇಗೆ ಸರಿದೂಗಿಸುವುದು?

ಪ್ರಶ್ನೆ: ನಾನು ಎಂಟು ವರ್ಷದಿಂದ ಕ್ವಿಲ್ಟ್, ಅಂದರೆ ತುಂಡು ಬಟ್ಟೆ ಜೋಡಿಸಿ ಮಾಡುವ ಮೂರು ಪದರದ ಹೊದಿಕೆ, ಹೊಲಿಯುತ್ತಿದ್ದೇನೆ. ನಾಲ್ಕು ತಿಂಗಳಿಂದ ಪ್ರತಿ ಶನಿವಾರ ಆರು ಜನ ಹೊಸಬರಿಗೆ ಮನೆಯಲ್ಲೇ ಕಲಿಸುತ್ತಿದ್ದೇನೆ. ಈಗ ನನ್ನದೇ ಐದು ಕ್ವಿಲ್ಟ್ ಅರ್ಧಕ್ಕೆ ನಿಂತಿವೆ. ತಂಗಿಗೆ ಹುಟ್ಟಲಿರುವ ಮಗುವಿನದು ಒಂದು, ಅದಕ್ಕೆ ಇನ್ನು ಹತ್ತು ವಾರ ಇದೆ, ಮೇಲ್ಪದರ ಮುಗಿದಿದೆ. ಕ್ಲಾಸಿನಲ್ಲಿ ತೋರಿಸಲು ಮಾಡಿದ ಮಾದರಿ ಇನ್ನೊಂದು, ಮೂರು ಪದರ ಸೇರಿಸಿ ಪಿನ್ ಹಾಕಿ ಎರಡು ತಿಂಗಳಾಯಿತು. ಸ್ನೇಹಿತೆಯ ಮದುವೆಗೆ ಕೊಡಬೇಕಾದ ದೊಡ್ಡ ಕ್ವಿಲ್ಟ್‌ನ ಬ್ಲಾಕ್‌ಗಳು, ಅಂದರೆ ತುಂಡು ಜೋಡಿಸಿದ ಚೌಕಗಳು, ಅರ್ಧ ಆಗಿವೆ. ಜೊತೆಗೆ ಚೂರು ಬಟ್ಟೆಯದೊಂದು, ಕೈಹೊಲಿಗೆಯ ಷಟ್ಕೋನಗಳದೊಂದು. ಯಾವುದಕ್ಕೆ ಕೈ ಹಾಕಿದರೂ ಇನ್ನೊಂದು ನೆನಪಾಗುತ್ತದೆ. ಕಲಿಯುವವರಲ್ಲಿ ಇಬ್ಬರು ಡಬಲ್ ಮಂಚದ ಕ್ವಿಲ್ಟ್ ಶುರು ಮಾಡಿ ಸಿಕ್ಕಿಕೊಂಡಿದ್ದಾರೆ. "ಅಕ್ಕಾ, ಸ್ವಲ್ಪ ನೀವೇ ಹೊಲಿದುಕೊಡಿ" ಅಂತ ಬಿಟ್ಟು ಹೋಗುತ್ತಾರೆ. ಈಗ ಎಲ್ಲರೂ ಸೇರಿ ಒಂದು ಕ್ವಿಲ್ಟ್ ಮಾಡೋಣ ಅನ್ನುತ್ತಿದ್ದಾರೆ. ಕ್ಲಾಸ್ ನಿಲ್ಲಿಸಲೇ, ನನ್ನ ಕ್ವಿಲ್ಟ್‌ಗಳನ್ನು ಕಡಿಮೆ ಮಾಡಲೇ?

ಉತ್ತರ: ಕ್ಲಾಸ್ ನಿಲ್ಲಿಸಬೇಡಿ. ಐದು ಕ್ವಿಲ್ಟ್ ಕೂಡ ಜಾಸ್ತಿ ಏನಲ್ಲ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದ ಮೇಲೆ ನನಗೆ ಕಂಡದ್ದು ಬೇರೆಯೇ ಒಂದು ವಿಷಯ. ನಿಮ್ಮ ಕ್ವಿಲ್ಟ್‌ಗಳಲ್ಲಿ ಎರಡು ಒಂದೇ ಹಂತಕ್ಕೆ ಕಾದು ನಿಂತಿವೆ. ಮಗುವಿನದಕ್ಕೂ ಮಾದರಿಗೂ ಮೂರು ಪದರ ಸೇರಿಸಿ ಹೊಲಿಯುವ ಕೆಲಸ ಬಾಕಿ ಇದೆ. ಇಡೀ ಕೆಲಸ ಸಿಕ್ಕಿಕೊಂಡಿರುವುದು ಅಲ್ಲೇ.

ಕ್ವಿಲ್ಟ್ ಅಂದರೆ ಒಂದೇ ಕೆಲಸ ಅಲ್ಲ ಅಲ್ವಾ? ಕತ್ತರಿಸುವುದು, ತುಂಡು ಜೋಡಿಸುವುದು, ಮೂರು ಪದರ (ಮೇಲ್ಪದರ, ನಡುವೆ ಮೆತ್ತನೆಯ ಬ್ಯಾಟಿಂಗ್ ಹಾಳೆ, ಕೆಳಗಿನ ಬಟ್ಟೆ) ಹರಡಿ ಪಿನ್ ಹಾಕುವುದು, ಮೂರನ್ನೂ ಸೇರಿಸಿ ಹೊಲಿಯುವುದು, ಕೊನೆಗೆ ಸುತ್ತ ಅಂಚಿಗೆ ಬೈಂಡಿಂಗ್ ಪಟ್ಟಿ ಹಚ್ಚುವುದು. ಕತ್ತರಿಸಲು ಮೇಜು ಮತ್ತು ಚುರುಕಾದ ಕಣ್ಣು ಬೇಕು. ಪದರ ಹರಡಲು ಖಾಲಿ ನೆಲ ಬೇಕು. ಸೇರಿಸಿ ಹೊಲಿಯಲು ಮಷಿನ್ನಿನ ಪಾದವನ್ನೇ ಬದಲಿಸಬೇಕು. ಬೈಂಡಿಂಗ್‌ನ ಕೈಹೊಲಿಗೆಗೆ ಒಂದು ಕುರ್ಚಿ, ಒಳ್ಳೆಯ ಬೆಳಕು ಇದ್ದರೆ ಸಾಕು. ಐದು ಕ್ವಿಲ್ಟ್ ಐದು ಬೇರೆ ಬೇರೆ ಹಂತದಲ್ಲಿದ್ದರೆ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಸುಸ್ತಾದ ದಿನ ಕುರ್ಚಿಯ ಕೆಲಸ, ಮನಸ್ಸು ಹಗುರಾಗಿದ್ದ ದಿನ ಮೇಜಿನ ಕೆಲಸ ಅಂತ ಹಂಚಿಕೊಳ್ಳಬಹುದು. ಅದೇ ಎರಡು ಕ್ವಿಲ್ಟ್ ಒಂದೇ ಹಂತದಲ್ಲಿ ನಿಂತರೆ ಎರಡೂ ಒಂದೇ ಮಷಿನ್ನಿಗೆ, ಒಂದೇ ನೆಲಕ್ಕೆ ಕಾಯುತ್ತವೆ. ನಾವು ಎರಡನ್ನೂ ಬಿಟ್ಟು ಹೊಸ ಬಟ್ಟೆ ಕತ್ತರಿಸಲು ಕೂರುತ್ತೇವೆ.

ಹಾಗಾಗಿ ನಾನು ಪಾಲಿಸುವುದು ಒಂದೇ ಕಟ್ಟುಪಾಡು: ಒಂದು ಹಂತದಲ್ಲಿ ಒಂದೇ ಕ್ವಿಲ್ಟ್. ಮುಂದಿನ ಹಂತ ಖಾಲಿ ಇಲ್ಲದಿದ್ದರೆ ಹಿಂದಿನದನ್ನು ಮುಂದೆ ತಳ್ಳುವುದಿಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಕೆಲವು ಹಂತದಲ್ಲಿ ಕ್ವಿಲ್ಟ್ ವರ್ಷಗಟ್ಟಲೆ ಸುಮ್ನೆ ಕೂರಬಲ್ಲದು. ಕೆಲವು ಹಂತದಲ್ಲಿ ಒಂದು ತಿಂಗಳೂ ಕಾಯಬಾರದು. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಚಿಂತೆ ಕಡಿಮೆಯಾಗುತ್ತದೆ.

ಕತ್ತರಿಸಿದ ಚೌಕಗಳು ಡಬ್ಬಿಯಲ್ಲಿ ಬಿಸಿಲು ಬೀಳದಂತೆ ಇದ್ದರೆ ಏನೂ ಆಗುವುದಿಲ್ಲ. ಮುಗಿದ ಬ್ಲಾಕ್‌ಗಳೂ ಅಷ್ಟೇ, ಒಂದರ ಮೇಲೊಂದು ಹಾಸಿಟ್ಟರೆ ಸಾಕು. ತ್ರಿಕೋನಗಳನ್ನು ಮಾತ್ರ ಬಿಡಿಯಾಗಿ ಬಹಳ ದಿನ ಇಡಬೇಡಿ. ಅವುಗಳ ಉದ್ದದ ಬದಿ ಬಟ್ಟೆಯ ಓರೆ ಎಳೆಯ ಮೇಲೆ ಬರುತ್ತದೆ. ಮುಟ್ಟಿದಷ್ಟೂ, ಎತ್ತಿಟ್ಟಷ್ಟೂ ಅದು ಎಳೆದುಕೊಂಡು ಉದ್ದವಾಗುತ್ತದೆ. ಮುಗಿದ ಮೇಲ್ಪದರವೂ ಕಾಯಬಲ್ಲದು. ಆದರೆ ಅಂಚಿನ ಹೊಲಿಗೆಗಳು ಬಿಚ್ಚಿಕೊಳ್ಳದಂತೆ, ಸುತ್ತ ಅಂಚಿನಿಂದ 1/8 ಇಂಚು ಒಳಗೆ ಒಂದು ಸುತ್ತು ಹೊಲಿಗೆ ಹಾಕಿಟ್ಟರೆ ಒಳ್ಳೆಯದು. ಮಡಿಕೆಯನ್ನು ಆಗಾಗ ಬದಲಿಸಿ, ಇಲ್ಲದಿದ್ದರೆ ಗೆರೆ ಕೂತುಬಿಡುತ್ತದೆ.

ಪಿನ್ ಹಾಕಿದ ಕ್ವಿಲ್ಟ್ ಮಾತ್ರ ಕಾಯಬಾರದು. ಗಾಳಿಯಲ್ಲಿ ತೇವ ಇದ್ದರೆ ಪಿನ್ನಿಗೆ ತುಕ್ಕು ಹಿಡಿಯುತ್ತದೆ, ಆ ಕಲೆ ಬಟ್ಟೆಯಿಂದ ಹೋಗುವುದು ಬಹಳ ಕಷ್ಟ. ಮಡಚಿಟ್ಟರೆ ಪದರಗಳು ಜರುಗುತ್ತವೆ. ಕೆಳಗಿನ ಬಟ್ಟೆಯಲ್ಲಿ ನಿರಿಗೆ ಬೀಳುತ್ತದೆ, ಅದು ಕಾಣಿಸುವುದು ಹೊಲಿದ ಮೇಲೆಯೇ. ಇನ್ನೊಂದು ಅಪಾಯ ನೀಲಿ ಗುರುತಿನದು. ನೀರಿನಲ್ಲಿ ಹೋಗುವ ನೀಲಿ ಪೆನ್ನಿನ ಗೆರೆ ಬಿಸಿ ತಾಗಿದರೆ ಬಟ್ಟೆಗೆ ಗಟ್ಟಿಯಾಗಿ ಹಿಡಿದುಕೊಳ್ಳಬಹುದು. ಆರು ಜನ ಓಡಾಡುವ ಕೋಣೆಯಲ್ಲಿ ಯಾರಾದರೂ ಗೊತ್ತಿಲ್ಲದೆ ಅದರ ಮೇಲೆ ಇಸ್ತ್ರಿ ಇಟ್ಟರೆ? ಹಾಗೆಯೇ ಇಸ್ತ್ರಿಯ ಬಿಸಿಗೆ ಮಾಯವಾಗುವ ಪೆನ್ನುಗಳಿವೆ. ಅವುಗಳ ಶಾಯಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಣ್ಣ ಕಳೆದುಕೊಳ್ಳುತ್ತದೆ, ಆದರೆ ಕೊರೆಯುವ ಚಳಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಬರೆಯುವ ಮುಂಚೆ ಅಂಚಿನ ತುಂಡೊಂದರ ಮೇಲೆ ಪರೀಕ್ಷಿಸಿ ನೋಡುವುದನ್ನು ಮೊದಲ ದಿನವೇ ಕಲಿಸಿ.

ಆದ್ದರಿಂದ ನಿಮ್ಮ ಮೊದಲ ಕೆಲಸ ಮಗುವಿನ ಕ್ವಿಲ್ಟ್ ಅಲ್ಲ, ಆ ಮಾದರಿ. ಈ ಮಾತು ನಿಮಗೆ ಹಿಡಿಸಲಿಕ್ಕಿಲ್ಲ, ಗೊತ್ತು. ಆದರೂ ಇವತ್ತೇ ಅದರ ಮಡಿಕೆ ಬಿಡಿಸಿ ಪಿನ್ನುಗಳನ್ನು ನೋಡಿ. ತುಕ್ಕು ಹತ್ತುವಂತಿರುವುದನ್ನು ತೆಗೆದು ಹೊಸದು ಹಾಕಿ. ಹಿಂಬದಿ ತಿರುಗಿಸಿ, ಅಂಗೈಯಿಂದ ಸವರಿ, ನಿರಿಗೆ ಇದೆಯಾ ನೋಡಿ. ಆಮೇಲೆ ಪದರಗಳನ್ನೆಲ್ಲ ಒಟ್ಟಿಗೆ ಸಾಗಿಸುವ ಪಾದ, ವಾಕಿಂಗ್ ಫುಟ್, ಹಾಕಿ ನೇರ ಗೆರೆಗಳಲ್ಲಿ ಹೊಲಿದು ಮುಗಿಸಿಬಿಡಿ. ಚಿತ್ತಾರ ಬೇಡ. ಹೊಸಬರಿಗೆ ನೇರ ಗೆರೆಯ ಮಾದರಿಯೇ ಹೆಚ್ಚು ಉಪಯೋಗ, ಅವರು ಮೊದಲು ಮಾಡಲಿರುವುದೂ ಅದನ್ನೇ. ಬ್ಯಾಟಿಂಗ್ ಹಾಳೆಯ ಪ್ಯಾಕೆಟ್ ಮೇಲೆ ಎರಡು ಸಾಲು ಹೊಲಿಗೆಯ ನಡುವೆ ಎಷ್ಟು ಅಂತರ ಇರಬಹುದು ಅಂತ ಬರೆದಿರುತ್ತದೆ. ಕೆಲವು ಹತ್ತಿ ಬ್ಯಾಟಿಂಗ್‌ಗೆ ಅದು 8 ಇಂಚಿನವರೆಗೂ ಇರುತ್ತದೆ, ಕೆಲವಕ್ಕೆ ತುಂಬಾ ಕಡಿಮೆ. ಆ ಮಿತಿಯೊಳಗೆ ಇದ್ದರೆ ಸಾಕು.

ಮಾದರಿ ಮುಗಿದ ಮರುದಿನವೇ ಮಗುವಿನದನ್ನು ಹರಡಿ ಪಿನ್ ಹಾಕಿ. ಮಷಿನ್ನಿನಲ್ಲಿ ಅದೇ ಪಾದ, ಅದೇ ಸೂಜಿ, ಅದೇ ಹೊಲಿಗೆ ಉದ್ದ ಇರುತ್ತದೆ. ಏನನ್ನೂ ಬದಲಿಸದೆ ನೇರವಾಗಿ ಕೂರಬಹುದು. ಕೈಯೂ ಅಷ್ಟರಲ್ಲಿ ಹದಕ್ಕೆ ಬಂದಿರುತ್ತದೆ. ಮಾದರಿಗೆ ಎರಡು ವಾರ, ಮಗುವಿನದಕ್ಕೆ ಎರಡು ವಾರ, ಬೈಂಡಿಂಗ್‌ಗೆ ಒಂದು ವಾರ ಅಂತ ಇಟ್ಟುಕೊಂಡರೂ ನಿಮ್ಮ ಕೈಯಲ್ಲಿ ಐದು ವಾರ ಉಳಿಯುತ್ತದೆ. ಈ ಎರಡೂ ಮುಗಿಯುವವರೆಗೆ ಮದುವೆಯ ಕ್ವಿಲ್ಟ್‌ನ ಬ್ಲಾಕ್‌ಗಳು ಡಬ್ಬಿಯಲ್ಲಿ ನೆಮ್ಮದಿಯಾಗಿ ಇರಲಿ.

ಇಲ್ಲಿ ನನಗೆ ಆದ ಒಂದು ಪಾಡು ಹೇಳಬೇಕು. ಕಲಿಸಲು ಶುರು ಮಾಡಿದ ಮೊದಲ ವರ್ಷ ನನ್ನದೊಂದು ಕ್ವಿಲ್ಟ್ ಅರ್ಧ ಆಗಿತ್ತು. ಕ್ಲಾಸಿನಲ್ಲಿ ತೋರಿಸಲು ಮಷಿನ್ನಿನ ಪಾದ ಬದಲಿಸಿದ್ದೆ, ಸೂಜಿಯ ಜಾಗವನ್ನೂ ಸ್ವಲ್ಪ ಸರಿಸಿದ್ದೆ. ಎರಡು ತಿಂಗಳ ನಂತರ ಉಳಿದ ಬ್ಲಾಕ್‌ಗಳನ್ನು ಹೊಲಿದೆ. ಎಲ್ಲ ಮುಗಿಸಿ ಹಾಸಿ ನೋಡಿದರೆ ಹೊಸ ಬ್ಲಾಕ್‌ಗಳು ಹಳೆಯವಕ್ಕಿಂತ ಕಾಲು ಇಂಚು ಚಿಕ್ಕದಾಗಿದ್ದವು. ಹನ್ನೆರಡು ಬ್ಲಾಕ್ ಬಿಚ್ಚಿ ಮತ್ತೆ ಹೊಲಿದೆ.

ಕಾಲು ಇಂಚು ಎಲ್ಲಿಂದ ಬಂತು? ಲೆಕ್ಕ ಸುಲಭ. ಎರಡೂವರೆ ಇಂಚಿನ ಒಂಬತ್ತು ಚೌಕ ಸೇರಿಸಿ ಮಾಡುವ ನೈನ್ ಪ್ಯಾಚ್ ಬ್ಲಾಕ್ ತೆಗೆದುಕೊಳ್ಳಿ. ಹೊಲಿಗೆ ಸರಿಯಾಗಿ ಅಂಚಿನಿಂದ ಕಾಲು ಇಂಚು ಒಳಗೆ ಬಿದ್ದರೆ ಬ್ಲಾಕ್ ಆರೂವರೆ ಇಂಚು ಆಗುತ್ತದೆ. ಹೊಲಿಗೆ ಬರೀ 1/16 ಇಂಚು ಹೆಚ್ಚು ಒಳಗೆ ಹೋಯಿತು ಅನ್ನಿ. ಒಂದು ಹೊಲಿಗೆ ಎರಡೂ ತುಂಡುಗಳಿಂದ ಅಷ್ಟಷ್ಟು ತಿನ್ನುತ್ತದೆ, ಅಂದರೆ 1/8 ಇಂಚು. ಒಂದು ಬ್ಲಾಕ್‌ನಲ್ಲಿ ಅಡ್ಡಕ್ಕೆ ಎರಡು ಹೊಲಿಗೆ, ಅಲ್ಲಿಗೆ ಕಾಲು ಇಂಚು ಹೋಯಿತು. ಅಂಥ ಎಂಟು ಬ್ಲಾಕ್ ಸಾಲಾಗಿ ಸೇರಿಸಿದರೆ ಒಟ್ಟು 23 ಹೊಲಿಗೆ, ಸಾಲು ಹತ್ತಿರಹತ್ತಿರ ಮೂರು ಇಂಚು ಗಿಡ್ಡ. ಕಣ್ಣಿಗೆ ಕಾಣದ ತಪ್ಪು ಹೀಗೆ ಬೆಳೆಯುತ್ತದೆ.

ಅಂದಿನಿಂದ ನನ್ನ ಪ್ರತಿ ಕ್ವಿಲ್ಟ್‌ನ ಡಬ್ಬಿಯಲ್ಲಿ ಒಂದು ಚೀಟಿ ಇರುತ್ತದೆ. ಯಾವ ಪಾದ, ಸೂಜಿಯ ನಂಬರ್ ಎಷ್ಟು, ಸೂಜಿ ಎಡಕ್ಕೋ ನಡುವಿಗೋ, ಹೊಲಿಗೆಯ ಉದ್ದ 2 ಮಿಲಿಮೀಟರೋ ಎರಡೂವರೆಯೋ, ದಾರದ ನಂಬರ್ ಎಷ್ಟು, ಹೊಲಿಗೆಯನ್ನು ಯಾವ ಕಡೆಗೆ ಮಡಚಿ ಇಸ್ತ್ರಿ ಮಾಡಿದ್ದೇನೆ, ಕೊನೆಗೆ ಎಲ್ಲಿ ನಿಲ್ಲಿಸಿದೆ. ಒಂದು ಸಣ್ಣ ಹೊಲಿದ ತುಂಡನ್ನೂ ಆ ಚೀಟಿಗೆ ಪಿನ್ ಮಾಡುತ್ತೇನೆ. ಮತ್ತೆ ಶುರು ಮಾಡುವಾಗ ಒಂದೂವರೆ ಇಂಚು ಅಗಲದ ಮೂರು ಪಟ್ಟಿಗಳನ್ನು ಜೋಡಿಸಿ ಹೊಲಿದು, ಇಸ್ತ್ರಿ ಮಾಡಿ ಅಳೆಯುತ್ತೇನೆ. ನಡುವಿನ ಪಟ್ಟಿ ಸರಿಯಾಗಿ 1 ಇಂಚು ಬರಬೇಕು, ಒಟ್ಟು ಮೂರೂವರೆ ಬರಬೇಕು. ಬಟ್ಟೆ ಮಡಚುವಲ್ಲಿ ದಾರದ ದಪ್ಪಕ್ಕೇ ಒಂದಿಷ್ಟು ಅಳತೆ ಹೋಗುತ್ತದೆ. ಹಾಗಾಗಿ ಹೊಲಿಗೆ ಕಾಲು ಇಂಚಿಗಿಂತ ಒಂದೆರಡು ಎಳೆ ಕಡಿಮೆಯೇ ಇರಬೇಕಾಗುತ್ತದೆ. ಹತ್ತು ನಿಮಿಷದ ಕೆಲಸ ಇದು. ನಿಮ್ಮ ಕ್ಲಾಸಿನ ಮೊದಲ ಪಾಠವೂ ಇದೇ ಆಗಲಿ ಅಂತ ನನ್ನ ಆಸೆ. ಪ್ರತಿಯೊಬ್ಬರ ಮಷಿನ್ ಬೇರೆ, ಪ್ರತಿಯೊಬ್ಬರೂ ತಮ್ಮ ಕಾಲು ಇಂಚನ್ನು ತಾವೇ ಹುಡುಕಿಕೊಳ್ಳಬೇಕು.

ಡಬ್ಬಿಯ ವಿಷಯ ಬಂತಲ್ಲ, ಇನ್ನೊಂದು ಮಾತು. ಬೈಂಡಿಂಗ್ ಬಟ್ಟೆಯನ್ನು ಕ್ವಿಲ್ಟ್ ಶುರು ಮಾಡುವಾಗಲೇ ಕತ್ತರಿಸಿ ಅದೇ ಡಬ್ಬಿಗೆ ಹಾಕಿ. ಕಲಿಸುವವರ ಮನೆಯಲ್ಲಿ ಬಟ್ಟೆ ಕರಗುತ್ತದೆ. "ಇದರಲ್ಲಿ ಒಂದು ಪಟ್ಟಿ ಕೊಡ್ತೀರಾ?" ಅಂತ ಕೇಳಿದರೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಆರು ತಿಂಗಳ ನಂತರ ಹೋದರೆ ಅದೇ ಬಣ್ಣ ಸಿಗುವುದಿಲ್ಲ. ಸಿಕ್ಕರೂ ಬೇರೆ ಬಾರಿ ಬಣ್ಣ ಹಾಕಿದ್ದಾದರೆ ಒಂದು ಛಾಯೆ ಆಚೀಚೆ ಇರುತ್ತದೆ. ಮಗುವಿನ ಕ್ವಿಲ್ಟ್ 36 ಇಂಚು ಅಗಲ, 45 ಇಂಚು ಉದ್ದ ಇದೆ ಅಂದುಕೊಳ್ಳಿ. ಸುತ್ತಳತೆ 162 ಇಂಚು, ಮೂಲೆಗೂ ಜೋಡಣೆಗೂ ಅಂತ 12 ಸೇರಿಸಿದರೆ 174. ಬಟ್ಟೆಯ ಅಗಲದಲ್ಲಿ ಉಪಯೋಗಕ್ಕೆ ಬರುವುದು 40 ಇಂಚು ಅಂತ ಹಿಡಿದರೆ ಎರಡೂವರೆ ಇಂಚಿನ ಐದು ಪಟ್ಟಿ ಬೇಕು. ಹನ್ನೆರಡೂವರೆ ಇಂಚು ಬಟ್ಟೆ, ಅಷ್ಟೇ. ತೆಗೆದಿಟ್ಟುಬಿಡಿ.

ಈಗ ಚೂರು ಬಟ್ಟೆಯ ಕ್ವಿಲ್ಟ್. ಇದಕ್ಕೆ ಬೇರೆ ಹೊತ್ತೇ ಬೇಡ, ಬೇರೆ ಕ್ವಿಲ್ಟ್‌ಗಳ ಸಂದಿಯಲ್ಲೇ ಇದು ಬೆಳೆಯುತ್ತದೆ. ಹೇಗೆ ಅಂದರೆ, ಹೊಲಿಗೆ ಶುರು ಮಾಡುವಾಗ ಮಷಿನ್ನಿನ ಹಲ್ಲು ಬಟ್ಟೆಯ ಮೂಲೆಯನ್ನು ಒಳಗೆ ಎಳೆದುಕೊಳ್ಳುವುದುಂಟು, ದಾರ ಕೆಳಗೆ ಗೂಡು ಕಟ್ಟುತ್ತದೆ. ಅದಕ್ಕೆ ಕ್ವಿಲ್ಟ್ ಹೊಲಿಯುವವರು ಮೊದಲು ಒಂದು ಬೇಡದ ತುಂಡಿನ ಮೇಲೆ ನಾಲ್ಕು ಹೊಲಿಗೆ ಹಾಕಿ, ಅದರ ಬೆನ್ನಿಗೇ ನಿಜವಾದ ತುಂಡನ್ನು ತಳ್ಳುತ್ತಾರೆ. ಕೊನೆಗೂ ಹಾಗೆಯೇ ಇನ್ನೊಂದು ಬೇಡದ ತುಂಡು. ಆ ಬೇಡದ ತುಂಡಿನ ಜಾಗದಲ್ಲಿ ಚೂರು ಬಟ್ಟೆಯ ಎರಡು ಚೌಕಗಳನ್ನು ಜೋಡಿಸಿ ಹೊಲಿಯಿರಿ. ಮಷಿನ್ ಪಕ್ಕದಲ್ಲಿ ಒಂದು ಬಟ್ಟಲಿನಲ್ಲಿ ಕತ್ತರಿಸಿದ ಚೌಕಗಳು ಇರಲಿ. ದಿನಕ್ಕೆ ಹತ್ತು ಸಲ ದಾರ ಕತ್ತರಿಸಿದರೆ ಹತ್ತು ಜೋಡಿ ತಾನಾಗಿ ಆಗುತ್ತದೆ. ವಾರಕ್ಕೆ ಐದು ದಿನ ಕೂತರೆ ಐವತ್ತು. ದಾರವೂ ಉಳಿಯುತ್ತದೆ. ಕಲಿಯುವವರಿಗೂ ಇದನ್ನು ಮೊದಲ ತಿಂಗಳಲ್ಲೇ ತೋರಿಸಿ, ಗೂಡು ಕಟ್ಟಿದ ದಾರ ಬಿಡಿಸುವುದರಲ್ಲೇ ಹೊಸಬರ ಅರ್ಧ ಉತ್ಸಾಹ ಹೋಗುತ್ತದೆ. ಷಟ್ಕೋನಗಳ ಕ್ವಿಲ್ಟ್ ಬಗ್ಗೆ ಹೇಳುವುದೇನಿಲ್ಲ. ಅದು ಚೀಲದಲ್ಲಿರುವ ಕೆಲಸ. ಎಲ್ಲಾದರೂ ಕಾಯಬೇಕಾದಾಗ ಕೈಗೆ ಬರಲಿ, ಗಡುವು ಇಡಬೇಡಿ.

ಶನಿವಾರಕ್ಕೆ ಬರೋಣ. ಕ್ಲಾಸ್ ನಡೆಯುವಾಗ ನಿಮ್ಮ ಯಾವ ಕ್ವಿಲ್ಟ್ ಕೂಡ ಆ ಕೋಣೆಯಲ್ಲಿ ಇರಬಾರದು, ಕೈಹೊಲಿಗೆಯದೂ ಬೇಡ. "ಸುಮ್ನೆ ಕೂತಿರುವಾಗ ಬೈಂಡಿಂಗ್ ಹಾಕಿಕೊಳ್ಳೋಣ" ಅಂತ ನಾನೂ ಮಾಡಿ ನೋಡಿದ್ದೇನೆ. ಕಲಿಸುವವರ ಮಡಿಲಲ್ಲಿ ಕೆಲಸ ಇದ್ದರೆ ಕಲಿಯುವವರು ಕೇಳಲು ಹಿಂಜರಿಯುತ್ತಾರೆ. ಅಕ್ಕ ಏನೋ ಮಾಡ್ತಿದ್ದಾರೆ, ಆಮೇಲೆ ಕೇಳೋಣ ಅಂತ ಸುಮ್ಮನಾಗುತ್ತಾರೆ. ಅಷ್ಟರಲ್ಲಿ ಮೂರು ಸಾಲು ತಪ್ಪು ಹೊಲಿದಿರುತ್ತಾರೆ. ಖಾಲಿ ಕೈಯಲ್ಲಿ ಓಡಾಡುವವರ ಕಿವಿಗೆ ಮಷಿನ್ನಿನ ಸದ್ದೇ ಹೇಳುತ್ತದೆ. ಟಕ್ ಟಕ್ ಅನ್ನುವ ಸದ್ದು ಬದಲಾದರೆ ಸೂಜಿ ಮೊಂಡಾಗಿದೆ, ಇಲ್ಲವೇ ಬಾಗಿದೆ. ಎಂಟು ಗಂಟೆಯಷ್ಟು ಹೊಲಿದ ಮೇಲೆ ಸೂಜಿ ಬದಲಿಸಿ ಅಂತ ಹೇಳುವುದು ರೂಢಿ. ಹೊಸಬರು ಸೂಜಿ ಮುರಿಯುವವರೆಗೂ ಬದಲಿಸುವುದಿಲ್ಲ.

ಕ್ಲಾಸಿಗೆ ಬೇಕಾದದ್ದು ಹಂತ ಹಂತದ ಮಾದರಿ. ಒಂದೇ ನೈನ್ ಪ್ಯಾಚ್‌ನ ಐದು ಬ್ಲಾಕ್ ಮಾಡಿ. ಒಂದರಲ್ಲಿ ಬರೀ ಕತ್ತರಿಸಿದ ಚೌಕಗಳು. ಎರಡನೆಯದರಲ್ಲಿ ಮೂರು ಸಾಲು ಹೊಲಿದಿರಲಿ. ಮೂರನೆಯದು ಇಸ್ತ್ರಿ ಆಗಿರಲಿ. ಮೇಲಿನ ಮತ್ತು ಕೆಳಗಿನ ಸಾಲುಗಳ ಹೊಲಿಗೆ ಹೊರಕ್ಕೆ, ನಡುವಿನ ಸಾಲಿನದು ಒಳಕ್ಕೆ ಮಡಚಿರಬೇಕು. ಆಗ ಸಾಲುಗಳನ್ನು ಸೇರಿಸುವಾಗ ಹೊಲಿಗೆಗಳು ಎದುರುಬದುರಾಗಿ ಒಂದರೊಳಗೊಂದು ಕೂರುತ್ತವೆ. ಬೆರಳಿನಿಂದ ಮುಟ್ಟಿದರೆ ಸಾಕು, ಕೂತದ್ದು ಗೊತ್ತಾಗುತ್ತದೆ. ಹೊಸಬರ ಬೆರಳನ್ನು ಆ ಜಾಗಕ್ಕೆ ಇಟ್ಟು ತೋರಿಸಿ. ಮಾತಿನಲ್ಲಿ ಹತ್ತು ಸಲ ಹೇಳಿದರೂ ಬರದ್ದು ಒಂದು ಮುಟ್ಟಿನಲ್ಲಿ ಬರುತ್ತದೆ, ಅವರ ಮುಖ ಅರಳುವುದನ್ನು ನೋಡುವುದೇ ನನಗೆ ಕಲಿಸುವುದರಲ್ಲಿರುವ ದೊಡ್ಡ ಖುಷಿ. ನಾಲ್ಕನೆಯದು ಮುಗಿದ ಬ್ಲಾಕ್. ಐದನೆಯದನ್ನು ಬೇಕಂತಲೇ ತಪ್ಪಾಗಿ ಮಾಡಿ: ಹೊಲಿಗೆ ಅಗಲ, ಮೂಲೆಗಳು ಸೇರಿಲ್ಲ, ಇಸ್ತ್ರಿಯನ್ನು ಉಜ್ಜಿ ಉಜ್ಜಿ ಎಳೆದ ಬಟ್ಟೆ. ಅದನ್ನು ಕೈಗೆ ಕೊಟ್ಟು ಏನಾಗಿದೆ ಹೇಳಿ ಅನ್ನಿ. ಈ ಐದು ಬ್ಲಾಕ್ ಒಂದು ಮಧ್ಯಾಹ್ನದ ಕೆಲಸ, ಮುಂದಿನ ವರ್ಷಗಳಿಗೂ ಆಗುತ್ತದೆ. ಇಡೀ ಕ್ವಿಲ್ಟ್ ಅನ್ನು ಮಾದರಿಯಾಗಿ ಮತ್ತೆ ಮಾಡಬೇಡಿ.

ಡಬಲ್ ಮಂಚದ ಕ್ವಿಲ್ಟ್‌ನಲ್ಲಿ ಸಿಕ್ಕಿಕೊಂಡ ಆ ಇಬ್ಬರು. ಅವರ ತಪ್ಪಿಲ್ಲ, ಯಾರಾದರೂ ಮೊದಲ ದಿನ ದೊಡ್ಡದನ್ನೇ ಕನಸು ಕಾಣುವುದು. ಆದರೆ 90 ಇಂಚು ಚೌಕದ ಕ್ವಿಲ್ಟ್ ಅಂದರೆ 18 ಇಂಚಿನ ಚೌಕದ ಸರಿಯಾಗಿ 25 ಪಟ್ಟು. 18 ಇಂಚಿನದರಲ್ಲಿ ಐದು ನೈನ್ ಪ್ಯಾಚ್, ನಾಲ್ಕು ಬರಿಯ ಚೌಕ. ಕತ್ತರಿಸಬೇಕಾದ ಸಣ್ಣ ಚೌಕ 45 ಮಾತ್ರ. ಅದರಲ್ಲೇ ಕತ್ತರಿಸುವುದರಿಂದ ಬೈಂಡಿಂಗ್‌ನ ಮೂಲೆ ತಿರುಗಿಸುವುದರವರೆಗೆ ಎಲ್ಲ ಬರುತ್ತದೆ, ಆರು ಶನಿವಾರದಲ್ಲಿ ಮುಗಿಯುತ್ತದೆ. ಒಂದು ಸಲ ಕೊನೆ ಮುಟ್ಟಿದವರಿಗೆ ದೊಡ್ಡದನ್ನು ಹಿಡಿಯುವ ಧೈರ್ಯ ಬರುತ್ತದೆ. ಅವರಿಬ್ಬರಿಗೂ ಹೇಳಿ: ದೊಡ್ಡದನ್ನು ಡಬ್ಬಿಯಲ್ಲಿಡಿ, ಅದು ಹಾಳಾಗುವುದಿಲ್ಲ. ಈಗಾಗಲೇ ಮಾಡಿದ ಬ್ಲಾಕ್‌ಗಳಲ್ಲಿ ನಾಲ್ಕನ್ನು ತೆಗೆದು ಒಂದು ದಿಂಬಿನ ಕವರ್ ಮುಗಿಸಿ. ಅವರು ಕಳೆದುಕೊಂಡದ್ದೇನೂ ಇಲ್ಲ ಅನ್ನುವುದು ಅವರಿಗೆ ಗೊತ್ತಾಗಬೇಕು.

"ನೀವೇ ಹೊಲಿದುಕೊಡಿ" ಅನ್ನುವುದಕ್ಕೆ ಮಾತ್ರ ಒಪ್ಪಬೇಡಿ. ಇದರಲ್ಲಿ ನಾನು ಗಟ್ಟಿ. ಅವರ ಬಟ್ಟೆಯ ಮೇಲೆ ನಿಮ್ಮ ಹೊಲಿಗೆ ಬಿದ್ದ ಕ್ಷಣ ಅದು ಅವರ ಕ್ವಿಲ್ಟ್ ಆಗಿ ಉಳಿಯುವುದಿಲ್ಲ, ನಿಮ್ಮ ಆರನೆಯ ಕ್ವಿಲ್ಟ್ ಆಗುತ್ತದೆ. ತೋರಿಸಬೇಕಾದರೆ ನಿಮ್ಮದೇ ಒಂದು ತುಂಡಿನ ಮೇಲೆ ತೋರಿಸಿ, ಆಮೇಲೆ ಅವರ ತುಂಡನ್ನು ಅವರೇ ಹೊಲಿಯಲಿ. ಬಿಚ್ಚುವುದನ್ನೂ ಅವರಿಗೇ ಕಲಿಸಿ. ಸೀಮ್ ರಿಪ್ಪರ್‌ನಿಂದ ಒಂದು ಬದಿಯಲ್ಲಿ ಪ್ರತಿ ಮೂರು ನಾಲ್ಕು ಹೊಲಿಗೆಗೆ ಒಂದನ್ನು ಕತ್ತರಿಸುತ್ತಾ ಹೋಗಬೇಕು. ತಿರುಗಿಸಿ ಇನ್ನೊಂದು ಬದಿಯ ದಾರ ಎಳೆದರೆ ಇಡೀ ಸಾಲು ಬಂದುಬಿಡುತ್ತದೆ. ಎರಡು ಬಟ್ಟೆಯನ್ನು ಹಿಗ್ಗಿಸಿ ಹರಿಯುವಂತೆ ಬಿಚ್ಚಿದರೆ ಅಂಚು ಎಳೆದುಕೊಳ್ಳುತ್ತದೆ. ಇಷ್ಟು ಗೊತ್ತಾದ ಮೇಲೆ ತಪ್ಪಿಗೆ ಹೆದರುವುದು ತಾನಾಗಿ ನಿಲ್ಲುತ್ತದೆ, ನಿಮ್ಮ ಮನೆಯಲ್ಲಿ ಬಿಟ್ಟುಹೋಗುವುದೂ ನಿಲ್ಲುತ್ತದೆ.

ಕತ್ತರಿಸುವ ಪಾಠಕ್ಕೆ ಒಂದು ಎಚ್ಚರಿಕೆ. ದುಂಡು ಬ್ಲೇಡ್ ಉರುಳಿಸಿ ಬಟ್ಟೆ ಕತ್ತರಿಸುವ ರೋಟರಿ ಕಟರ್ ಬಂದದ್ದು 1979ರಲ್ಲಿ, ಜಪಾನಿನ ಓಲ್ಫಾ ಕಂಪನಿಯಿಂದ. ಅದಕ್ಕೂ ಮುಂಚೆ ರಟ್ಟಿನ ಅಚ್ಚು ಇಟ್ಟು ಗೆರೆ ಎಳೆದು ಕತ್ತರಿಯಿಂದಲೇ ಕತ್ತರಿಸುತ್ತಿದ್ದರು. ಹಾಗಾಗಿ ಕಟರ್ ಹಿಡಿಯಲು ಹೆದರುವವರನ್ನು ಒತ್ತಾಯಿಸಬೇಡಿ, ಕತ್ತರಿಯಲ್ಲಿ ಶುರು ಮಾಡಲಿ. ಹಿಡಿಯುವವರಿಗೆ ಒಂದೇ ಪಾಠ: ಮೇಜಿನ ಮೇಲೆ ಇಡುವ ಪ್ರತಿ ಸಲವೂ ಬ್ಲೇಡ್ ಮುಚ್ಚಿರಬೇಕು. ಅರ್ಧ ಸೆಕೆಂಡಿಗೂ ತೆರೆದಿಡಬಾರದು. ಒಂದು ಮೇಜಿನ ಸುತ್ತ ಆರು ಜನ ಇರುವಾಗ ಇದರಲ್ಲಿ ರಿಯಾಯಿತಿ ಕೊಡಬೇಡಿ. ಮತ್ತು ನಿಮಗೆ: ಕ್ಲಾಸ್ ಮುಗಿದ ಸಂಜೆ ನಿಮ್ಮ ಸ್ವಂತ ಬಟ್ಟೆ ಕತ್ತರಿಸಬೇಡಿ. ಮೂರು ಗಂಟೆ ಬೇರೆಯವರ ಕೈ ನೋಡಿದ ಕಣ್ಣು ದಣಿದಿರುತ್ತದೆ. ತಪ್ಪು ಹೊಲಿಗೆ ಬಿಚ್ಚಬಹುದು, ತಪ್ಪು ಕತ್ತರಿಸಿದ್ದನ್ನು ಕೂಡಿಸಲು ಆಗುವುದಿಲ್ಲ. ಆ ಸಂಜೆ ಷಟ್ಕೋನ ತೆಗೆಯಿರಿ, ಅಥವಾ ಸುಮ್ನೆ ಕೂರಿ.

ಎಲ್ಲರೂ ಸೇರಿ ಮಾಡುವ ಕ್ವಿಲ್ಟ್? ಖಂಡಿತ ಮಾಡಿ, ಆದರೆ ಈಗ ಬೇಡ. ಮೊದಲ ಸಣ್ಣ ಕ್ವಿಲ್ಟ್ ಎಲ್ಲರದೂ ಮುಗಿದ ಮೇಲೆ. ಆಗಲೂ ನೀವು ಒಂದನ್ನು ಮಾತ್ರ ನಿಗದಿ ಮಾಡಿ, ಅದು ಅಳತೆ. ಬಣ್ಣ, ವಿನ್ಯಾಸ, ಬಟ್ಟೆ ಅವರಿಗೇ ಬಿಡಿ. ಅಮೆರಿಕದ ಏಡ್ಸ್ ಸ್ಮಾರಕ ಕ್ವಿಲ್ಟ್ 1987ರಲ್ಲಿ ಮೊದಲ ಸಲ ವಾಷಿಂಗ್ಟನ್‌ನಲ್ಲಿ ಹಾಸಲ್ಪಟ್ಟಾಗ ಅದರಲ್ಲಿ 1,920 ತುಂಡುಗಳಿದ್ದವು. ಹೊಲಿಗೆ ಬಲ್ಲವರೂ ಬಾರದವರೂ ತಮ್ಮವರನ್ನು ಕಳೆದುಕೊಂಡ ನೋವಿನಲ್ಲಿ ಮಾಡಿದ ತುಂಡುಗಳು ಅವು. ಪ್ರತಿಯೊಂದೂ 3 ಅಡಿ ಅಗಲ, 6 ಅಡಿ ಉದ್ದ. ಒಳಗೆ ಏನಿರಬೇಕು ಅನ್ನುವುದನ್ನು ಮಾಡಿದವರೇ ನಿರ್ಧರಿಸಿದ್ದರು. ಅಳತೆ ಒಂದೇ ಇದ್ದದ್ದರಿಂದ ಅಷ್ಟೂ ಒಟ್ಟಿಗೆ ಹಾಸಲು ಸಾಧ್ಯವಾಯಿತು. ನಿಮ್ಮ ಆರು ಜನಕ್ಕೂ ಇದೇ ದಾರಿ. ಸುತ್ತ ಹೊಲಿಗೆಗೆ ಬಿಡುವ ಅಂಚೂ ಸೇರಿ ಬ್ಲಾಕ್ ಹನ್ನೆರಡೂವರೆ ಇಂಚು ಅಂತ ಹೇಳಿ. ಯಾರದ್ದೋ ಹನ್ನೆರಡು ಬರುತ್ತದೆ, ಯಾರದ್ದೋ ಹನ್ನೆರಡೂ ಮುಕ್ಕಾಲು. ಚಿಂತೆ ಬೇಡ. ಪ್ರತಿ ಬ್ಲಾಕ್‌ನ ಸುತ್ತ ಎರಡು ಇಂಚಿನ ಪಟ್ಟಿ ಹೊಲಿದು, ಎಲ್ಲವನ್ನೂ ಹದಿನಾಲ್ಕೂವರೆ ಇಂಚಿಗೆ ಸಮ ಮಾಡಿ. ತಪ್ಪೆಲ್ಲ ಆ ಪಟ್ಟಿಯಲ್ಲಿ ಕರಗುತ್ತದೆ, ಯಾರ ಬ್ಲಾಕ್‌ನ ಮೂಲೆಯೂ ತುಂಡಾಗುವುದಿಲ್ಲ. ಆ ಕ್ವಿಲ್ಟ್‌ನಲ್ಲಿ ನಿಮ್ಮ ಬ್ಲಾಕ್ ಕೂಡ ಒಂದೇ ಇರಲಿ. ಪಿನ್ ಹಾಕುವ ದಿನ ಆರೂ ಜನ ನೆಲದ ಮೇಲೆ ಕೂರಲಿ, ಒಂದು ಮುಷ್ಟಿಯಷ್ಟು ಅಂತರಕ್ಕೊಂದರಂತೆ ಪಿನ್ ಹಾಕಲಿ. ಒಬ್ಬರಿಗೆ ಇಡೀ ದಿನ ಹಿಡಿಯುವ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ.

ಕೊನೆಯದಾಗಿ ಮಗುವಿನ ಕ್ವಿಲ್ಟ್ ಬಗ್ಗೆ. ಬೈಂಡಿಂಗ್ ಮುಗಿದ ಮೇಲೆ ಕೊಡುವ ಮುಂಚೆ ಒಂದು ಸಲ ನೀವೇ ಒಗೆಯಿರಿ. ನೀಲಿ ಗುರುತು ಹಾಕಿದ್ದರೆ ಮೊದಲು ತಣ್ಣೀರಿನಲ್ಲಿ, ಸೋಪಿಲ್ಲದೆ ನೆನೆಸಿ ಪೂರ್ತಿ ತೆಗೆಯಿರಿ. ಹತ್ತಿಯ ಬ್ಯಾಟಿಂಗ್ ಮೊದಲ ಒಗೆತಕ್ಕೆ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದುಂಟು. ಬಟ್ಟೆ ಮೆತ್ತಗೆ ಸುಕ್ಕಾಗುತ್ತದೆ, ಅದು ಹಾಳಾದದ್ದಲ್ಲ, ಕ್ವಿಲ್ಟ್‌ನ ಅಂದವೇ ಅದು. ಕೆಂಪು ಅಥವಾ ಗಾಢ ನೀಲಿ ಬಟ್ಟೆ ಬಳಸಿದ್ದರೆ ಬಣ್ಣ ಬಿಡುತ್ತದಾ ಅಂತ ಈ ಒಗೆತದಲ್ಲೇ ತಿಳಿಯುತ್ತದೆ. ಬಿಟ್ಟರೆ ಒಣಗಲು ಬಿಡದೆ, ಒದ್ದೆ ಇರುವಾಗಲೇ ಮತ್ತೆ ನೀರು ಬದಲಿಸಿ ಜಾಲಿಸಿ. ಒಳಗೆ ಒಂದು ಪಿನ್ನೂ ಉಳಿದಿಲ್ಲ ಅಂತ ನೋಡಿಕೊಳ್ಳಿ. ಹಾಕುವಾಗ ಎಣಿಸಿ ಡಬ್ಬಿಯ ಚೀಟಿಯಲ್ಲಿ ಬರೆದಿಡಿ, ತೆಗೆದಾಗ ಮತ್ತೆ ಎಣಿಸಿ. ಎರಡು ಸಂಖ್ಯೆ ಒಂದೇ ಆದ ಮೇಲೆಯೇ ಮಡಚಿ.